ಚಿತ್ರದ ಹಿಂಬದಿ

ಕೂಡಿಡುವ ಚಪಲ ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದದ್ದು. ಹುಣಸೆಬೀಜ, ಬಳೆಚೂರು, ಮರಿ ಹಾಕುವುದೆಂದು ನಂಬಿ ಪುಸ್ತಕದ ಹಾಳೆಗಳ ನಡುವೆ ಇಟ್ಟ ನವಿಲುಗರಿ ಮುಂತಾದವುಗಳಿಂದ ಬಾಲ್ಯದಲ್ಲಿ ಆರಂಭವಾಗುವ ಈ ಹವ್ಯಾಸ ಹಲವರಲ್ಲಿ ಬಾಲ್ಯದೊಡನೆಯೇ ಮುಗಿದುಹೋಗುತ್ತದೆ. ಕೆಲವರಲ್ಲಿ ಮಾತ್ರ ಅದು ಬಾಳಿನ ಸಂಜೆಯವರೆಗೂ ಉಳಿದುಬರುತ್ತದೆ. ಇಂಥವರನ್ನು ಮನೆಯವರು ಸಹಿಸಿಕೊಳ್ಳುತ್ತಾರೆ. ನೆರೆಯವರು ನೋಡಿ ನಗುತ್ತಾರೆ. ಗೆದ್ದಲು ಒಂದೇ ಅವರ ಸಂಗ್ರಹವನ್ನು ಮನಸಾರೆ ಸ್ವಾಗತಿಸುತ್ತದೆ.

ಅಂಚೆಚೀಟಿ ಕೂಡಿಸುವವರನ್ನೂ ನಾಣ್ಯ ಕೂಡಿಸುವವರನ್ನೂ ಎಲ್ಲರೂ ಬಲ್ಲರು. ಅಂತರಿಕ್ಷಯಾನದ ಹಳೆಯ ಛಾಯಾಚಿತ್ರಗಳನ್ನೂ ಅದಕ್ಕೆ ಸಂಬಂಧಿಸಿದ ಲಕೋಟೆ, ಪದಕ, ಪತ್ರಗಳನ್ನೂ ಕೂಡಿಸುವವರು ನಮ್ಮ ನಾಡಿನಲ್ಲಿ ವಿರಳ. ಅಮೆರಿಕೆಯಲ್ಲಿ, ಯೂರೋಪಿನಲ್ಲಿ ಅವರದೊಂದು ದೊಡ್ಡ ಬಳಗವೇ ಇದೆ. ಇವರ ಒಂದು ಅಭ್ಯಾಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಚಂದ್ರನ ಮೇಲೆ ನಿಂತ ಮನುಷ್ಯನ ಅದ್ಭುತವಾದ ಚಿತ್ರವೊಂದನ್ನು ಕೈಗೆ ಕೊಟ್ಟರೆ, ಸಾಮಾನ್ಯರು ಚಂದ್ರನನ್ನು ನೋಡುತ್ತಾರೆ. ಇವರು ಮೊದಲು ಚಿತ್ರವನ್ನು ಮಗುಚಿ ಅದರ ಬೆನ್ನನ್ನು ನೋಡುತ್ತಾರೆ. ಈ ಅಭ್ಯಾಸದ ಅರ್ಥ ಒಬ್ಬ ಅಧ್ಯಾಪಕರಿಗೆ ತಿಳಿಯುವುದಕ್ಕೆ ಸುಮಾರು ಐವತ್ತು ವರ್ಷಗಳು ಬೇಕಾದವು. ಆ ಕತೆ ಅಧ್ಯಾಪಕ ವೃಂದಕ್ಕೂ ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೂ ಅರಿತಿರಬೇಕಾದದ್ದಾಗಿದೆ.

ಅವರು ಬಯಲುಸೀಮೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಊರಿನವರೆಲ್ಲರ ಬಾಯಲ್ಲಿ ಬರಿಯ ‘ಮಾಸ್ತರರು’. 1969ರ ಜುಲೈ 20ರಂದು ಮನುಷ್ಯ ಚಂದ್ರನ ಮೇಲೆ ಇಳಿದಾಗ ಅವರಿಗೆ ಇಪ್ಪತ್ತೈದು ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ದಿನಗಳಲ್ಲಿ ಶಾಲೆಯಲ್ಲಿದ್ದ ವಿಜ್ಞಾನದ ಸಾಮಗ್ರಿಯೆಂದರೆ ಒಂದು ತಕ್ಕಡಿ, ನಾಲ್ಕು ಗಾಜಿನ ನಳಿಕೆ, ಬಿರುಕುಬಿಟ್ಟ ಒಂದು ಪಟ್ಟಕ. ಮಕ್ಕಳು ತಮ್ಮ ವಹಿಗಳಿಗೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪಾದ ಹಾಳೆಗಳನ್ನು ಹೊದಿಸಿಕೊಂಡು ಬರುತ್ತಿದ್ದರು. ಆ ಹೊದಿಕೆಗಳ ಮೇಲಿನ ರಾಕೆಟ್ಟುಗಳ ಚಿತ್ರಗಳನ್ನು ತೋರಿಸಿ ತೋರಿಸಿಯೇ ಮಾಸ್ತರರು ಗುರುತ್ವಾಕರ್ಷಣೆಯ ಪಾಠ ಹೇಳುತ್ತಿದ್ದರು.

1970ರಲ್ಲಿ ಅವರು ಒಂದು ಸಾಹಸ ಮಾಡಿದರು. ಏರೋಗ್ರಾಮೊಂದನ್ನು ಕೊಂಡು, ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿದ್ದ ಮಾನವಸಹಿತ ಆಕಾಶನೌಕಾ ಕೇಂದ್ರಕ್ಕೆ ತಮ್ಮ ಶಾಲೆಯ ಮಕ್ಕಳಿಗಾಗಿ ಕೆಲವು ಚಿತ್ರಗಳನ್ನು ಕಳಿಸಬೇಕೆಂದು ಬರೆದರು. ಉತ್ತರದ ಆಸೆ ಅವರಿಗೇ ಇರಲಿಲ್ಲ. ನಾಲ್ಕು ತಿಂಗಳ ತರುವಾಯ ಅಂಚೆಯವನು ಒಂದು ದಪ್ಪನೆಯ ಕಂದು ಲಕೋಟೆಯನ್ನು ತಂದು, ಸೈಕಲ್ಲಿನಿಂದ ಇಳಿಯದೆಯೇ ಶಾಲೆಯ ಅಂಗಳದಲ್ಲಿ ಕೂಗಿ ಕೊಟ್ಟನು. ಅದರೊಳಗೆ ಎಂಟು ಚಿತ್ರಗಳಿದ್ದವು. ಐದು ಅಚ್ಚಿನಲ್ಲಿ ಮುದ್ರಿಸಿದವು. ಮೂರು ನಿಜವಾದ ಛಾಯಾಚಿತ್ರಗಳು. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚಿನ ಚಿತ್ರ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ನಿಜವಾದ ಛಾಯಾಚಿತ್ರ ಒಡೆಯುವುದಿಲ್ಲ. ಈ ವ್ಯತ್ಯಾಸವನ್ನು ಮಾಸ್ತರರು ಅಂದೇ ಮಕ್ಕಳಿಗೆ ತೋರಿಸಿದರು.

ಆ ಮೂರು ಛಾಯಾಚಿತ್ರಗಳೂ ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದದವು. ಒಂದು, 1968ರ ಡಿಸೆಂಬರ್ 24ರಂದು ಅಪೋಲೋ 8ರಿಂದ ವಿಲಿಯಂ ಆಂಡರ್ಸ್ ತೆಗೆದದ್ದು. ಚಂದ್ರನ ಬರಡು ದಿಗಂತದ ಮೇಲೆ ನೀಲಿಯ ಭೂಮಿ ಉದಯಿಸುತ್ತಿರುವ ದೃಶ್ಯ. ಎರಡನೆಯದು, ಚಂದ್ರನ ಧೂಳಿನಲ್ಲಿ ಮೂಡಿದ ಬೂಟಿನ ಹೆಜ್ಜೆ. ಅದು ಕಾವ್ಯಕ್ಕಾಗಿ ತೆಗೆದ ಚಿತ್ರವಲ್ಲ. ಅಲ್ಲಿಯ ಮಣ್ಣು ಭಾರಕ್ಕೆ ಹೇಗೆ ಒತ್ತಿಕೊಳ್ಳುತ್ತದೆಂದು ಪರೀಕ್ಷಿಸುವುದಕ್ಕಾಗಿ ಆಲ್ಡ್ರಿನ್ ತಮ್ಮದೇ ಹೆಜ್ಜೆಯನ್ನು ಸೆರೆಹಿಡಿದದ್ದು. ಮೂರನೆಯದು ಲೋಕಪ್ರಸಿದ್ಧವಾದದ್ದು: ಬಿಳಿಯ ಉಡುಪು ತೊಟ್ಟು ನೇರವಾಗಿ ನಿಂತ ಆಲ್ಡ್ರಿನ್, ಅವರ ಶಿರಸ್ತ್ರಾಣದ ಹೊಂಬಣ್ಣದ ಗಾಜಿನಲ್ಲಿ ಪುಟ್ಟದಾಗಿ ಪ್ರತಿಬಿಂಬಿಸಿದ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಆರ್ಮ್‌ಸ್ಟ್ರಾಂಗ್ ಆದರೂ ಕ್ಯಾಮೆರಾ ಹೆಚ್ಚು ಹೊತ್ತು ಅವರ ಕೈಯಲ್ಲಿಯೇ ಇದ್ದುದರಿಂದ, ಅಲ್ಲಿ ತೆಗೆದ ಒಳ್ಳೆಯ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡದ್ದು ಬಹಳ ಕಡಿಮೆ. “ಫೋಟೋ ತೆಗೆಯುವವನು ಫೋಟೋದಾಗ ಇರೂದಿಲ್ಲ, ನೋಡ್ರಿ” ಎಂದು ಮಾಸ್ತರರು ಹೇಳಿದಾಗ ಮಕ್ಕಳು ನಕ್ಕರಂತೆ.

ಮೊದಲೆರಡು ಚಿತ್ರಗಳು ಲಕೋಟೆಯಿಂದ ಹೊರಗೆ ಬರುತ್ತಿದ್ದುದು ಪಾಠದ ದಿನ ಮಾತ್ರ. ಮೂರನೆಯದು ಎಲ್ಲರೂ ಎಂದೂ ನೋಡುವಂತಿರಬೇಕೆಂಬುದು ಮಾಸ್ತರರ ಆಸೆ. 1973ರಲ್ಲಿ ಶಾಲೆಯ ಕೋಣೆಯೊಂದರಲ್ಲಿ ಬಿದ್ದಿದ್ದ ಹಳೆಯ ಕಟ್ಟೊಂದು ಅವರ ಕಣ್ಣಿಗೆ ಬಿತ್ತು. ಹೊಸ ಕಟ್ಟು ಹಾಕಿಸಲು ಶಾಲೆಯ ಬಳಿ ಹಣವಿರಲಿಲ್ಲ. ಹಳೆಯ ಕಟ್ಟಿನಲ್ಲಿ ಚಿತ್ರ ಹಿಡಿಸಲಿಲ್ಲ. ಮಾಸ್ತರರು ಅಳತೆಪಟ್ಟಿ ಇಟ್ಟು, ಚಿತ್ರದ ಸುತ್ತಲಿದ್ದ ಬಿಳಿಯ ಅಂಚನ್ನು ನಾಲ್ಕೂ ಕಡೆ ನೀಟಾಗಿ ಕತ್ತರಿಸಿದರು. ಮೈದಾಹಿಟ್ಟಿನ ಅಂಟು ಕಾಯಿಸಿ ರಟ್ಟಿಗೆ ಅಂಟಿಸಿದರು. ಗಾಜು ಕೂಡಿಸಿ, ಎಂಟನೆಯ ಇಯತ್ತೆಯ ಗೋಡೆಗೆ ತೂಗುಹಾಕಿದರು. ಕತ್ತರಿಸಿದ ಬಿಳಿಯ ಪಟ್ಟಿಗಳನ್ನು ಒಬ್ಬ ಹುಡುಗ ಪುಸ್ತಕದ ಗುರುತಿಗೆಂದು ಬೇಡಿಕೊಂಡು ಒಯ್ದನು. ಚಿತ್ರ ಆ ಗೋಡೆಯ ಮೇಲೆ ಇಪ್ಪತ್ತೊಂಬತ್ತು ವರ್ಷ ಇತ್ತು.

ಇಂಥ ಚಿತ್ರಗಳು ಹುಟ್ಟಿಬಂದ ಬಗೆಯೂ ಸ್ವಾರಸ್ಯಕರವಾದದ್ದು. ಆರಂಭದಲ್ಲಿ ಅಂತರಿಕ್ಷದಲ್ಲಿ ಛಾಯಾಚಿತ್ರ ತೆಗೆಯುವುದಕ್ಕೆ ಅಂಥ ಮಹತ್ತ್ವವೇ ಇರಲಿಲ್ಲ. 1962ರ ಫೆಬ್ರವರಿ 20ರಂದು ಭೂಮಿಯನ್ನು ಸುತ್ತಿಬಂದ ಜಾನ್ ಗ್ಲೆನ್ ತಮ್ಮೊಡನೆ ಒಯ್ದ ಕ್ಯಾಮೆರಾಗಳಲ್ಲೊಂದನ್ನು ಫ್ಲಾರಿಡಾದ ಕೋಕೋ ಬೀಚ್ ಊರಿನ ಔಷಧದ ಅಂಗಡಿಯೊಂದರಲ್ಲಿ ಸುಮಾರು 40 ಡಾಲರಿಗೆ ಕೊಂಡಿದ್ದರು. ಅದೇ ವರ್ಷ ಅಕ್ಟೋಬರ್ ತಿಂಗಳಿನಲ್ಲಿ ಹಾರಿದ ವಾಲಿ ಶಿರಾ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಸ್ವೀಡನ್ ದೇಶದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಕೊಂಡು ಒಯ್ದರು. ಅಲ್ಲಿಂದ ಮುಂದೆ ಆ ಹೆಸರು ಅಂತರಿಕ್ಷಯಾನದೊಡನೆ ಬೆಸೆದುಕೊಂಡಿತು. ಚಂದ್ರನ ನೆಲದ ಮೇಲೆ ಬಳಸಿದ ಕ್ಯಾಮೆರಾದೊಳಗೆ ಫಿಲ್ಮಿನ ಮುಂದೆ ಒಂದು ಗಾಜಿನ ತಟ್ಟೆಯಿತ್ತು. ಅದರ ಮೇಲೆ ಸಮಾನ ಅಂತರದಲ್ಲಿ ಕೊರೆದ ಪುಟ್ಟ ಕೂಡು ಚಿಹ್ನೆಗಳಿದ್ದವು. ಚಿತ್ರದಲ್ಲಿ ಅಂತರಗಳನ್ನು ಅಳೆಯಲು ಅವು ನೆರವಾಗುತ್ತಿದ್ದವು. ಮರಳಿ ಬರುವಾಗ ಕಲ್ಲುಮಣ್ಣಿನ ಭಾರಕ್ಕೆ ಎಡೆಮಾಡಿಕೊಡಲೆಂದು ಕ್ಯಾಮೆರಾಗಳನ್ನು ಅಲ್ಲಿಯೇ ಬಿಟ್ಟು, ಫಿಲ್ಮಿನ ಪೆಟ್ಟಿಗೆಗಳನ್ನು ಮಾತ್ರ ತಂದರು. ಕಣ್ಣು ಅಲ್ಲಿ ಉಳಿಯಿತು. ಕಂಡದ್ದು ಇಲ್ಲಿಗೆ ಬಂದಿತು.

ಆ ಮೂಲ ಫಿಲ್ಮುಗಳನ್ನು ಹ್ಯೂಸ್ಟನ್ನಿನಲ್ಲಿ ಶೀತಲ ಕೊಠಡಿಯಲ್ಲಿ ಕಾಪಾಡಲಾಗಿದೆ. ಅವುಗಳಿಂದ ಗಣಕಯಂತ್ರಕ್ಕೆ ಇಳಿಸಿದ ಸ್ಫುಟವಾದ ಪ್ರತಿಗಳನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಹಾಗಿದ್ದ ಮೇಲೆ ಬಣ್ಣ ಕೆಂಪಡರಿದ, ಮೂಲೆ ಮುರಿದ ಹಳೆಯ ಕಾಗದಕ್ಕೆ ಜನ ನೂರಾರು, ಒಮ್ಮೊಮ್ಮೆ ಸಾವಿರಾರು ಡಾಲರುಗಳನ್ನು ಏಕೆ ಕೊಡುತ್ತಾರೆ? ಕಾರಣವಿಷ್ಟೆ. ಹೊಸ ಪ್ರತಿ ಚಂದ್ರನನ್ನು ತೋರಿಸುತ್ತದೆ. ಹಳೆಯ ಕಾಗದ ಚಂದ್ರನನ್ನು ಮೊದಲು ಕಂಡ ಕಾಲವನ್ನೇ ತೋರಿಸುತ್ತದೆ. ಮುಂದೇನಾಗುವುದೋ ಯಾರಿಗೂ ತಿಳಿಯದಿದ್ದ ದಿನಗಳಲ್ಲಿ ಅದು ದ್ರಾವಣದ ತೊಟ್ಟಿಯಿಂದ ಎದ್ದು ಬಂದಿತ್ತು. ಅದಕ್ಕೆ ಸಾಕ್ಷಿ ಬೇಕಲ್ಲವೆ? ಆ ಸಾಕ್ಷಿ ಇರುವುದು ಅಂಚಿನಲ್ಲಿ ಮತ್ತು ಬೆನ್ನಿನಲ್ಲಿ. ಆ ಕಾಲದ ಬಣ್ಣದ ಮುದ್ರಿಕೆಗಳಲ್ಲಿ ಎಡ ಮೇಲ್ಭಾಗದ ಬಿಳಿಯ ಅಂಚಿನ ಮೇಲೆ ಚಿತ್ರದ ಸಂಖ್ಯೆ ಕೆಂಪು ಅಕ್ಷರಗಳಲ್ಲಿ ಇರುತ್ತಿತ್ತು. ಹಿಂಬದಿಯಲ್ಲಿ ‘ಎ ಕೊಡಕ್ ಪೇಪರ್’ ಎಂಬ ಮಸುಕಾದ ಅಕ್ಷರಗಳೂ, ಹಲವು ವೇಳೆ ನೇರಳೆ ಬಣ್ಣದಲ್ಲಿ ಅಚ್ಚೊತ್ತಿದ ವಿವರಣೆಯೂ ಇರುತ್ತಿದ್ದವು. ಸಂಗ್ರಾಹಕರಿಗೆ ಇವೇ ಜಾತಕ, ಇವೇ ಜನ್ಮಪತ್ರ.

ಮಾಸ್ತರರು 2002ರಲ್ಲಿ ನಿವೃತ್ತರಾದರು. ಆ ವರ್ಷ ಶಾಲೆಯ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದುದರಿಂದ ಕೆಳಗಿಳಿಸಿದ್ದ ಕಟ್ಟನ್ನು ಬೀಳ್ಕೊಡುಗೆಯ ದಿನ ಅವರ ಕೈಗೇ ಕೊಟ್ಟು ಕಳಿಸಿದರು. ಬಿಡುವು ದೊರೆತ ಮೇಲೆ ಅವರ ಸಂಗ್ರಹ ಬೆಳೆಯಿತು. ಭಾರತ ಸರ್ಕಾರ 1969ರ ನವೆಂಬರ್ 19ರಂದು ಚಂದ್ರವಿಜಯದ ನೆನಪಿಗೆ ಹೊರತಂದ 20 ಪೈಸೆಯ ಅಂಚೆಚೀಟಿ, ರಾಕೇಶ್ ಶರ್ಮರು 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಹಾರಿದಾಗಿನ ಪತ್ರಿಕೆಗಳ ತುಣುಕುಗಳು, ಹಳೆಯ ವಹಿಗಳಿಂದ ಬಿಡಿಸಿದ ‘ಸೋವಿಯತ್ ಲ್ಯಾಂಡ್’ ಹೊದಿಕೆಗಳು ಎಲ್ಲವೂ ಒಂದು ತಗಡಿನ ಟ್ರಂಕನ್ನು ಸೇರಿದವು.

ಸಂಗ್ರಾಹಕರ ಜಗತ್ತಿನ ಕತೆಗಳನ್ನು ಓದಿ ಹೇಳುವುದೂ ಅವರಿಗೆ ಪ್ರಿಯವಾದ ಕೆಲಸವಾಯಿತು. ಅಪೋಲೋ 11ರ ಮೂವರು ಯಾತ್ರಿಗಳಿಗೆ ತಮ್ಮ ಪ್ರಾಣದ ಬೆಲೆಗೆ ತಕ್ಕ ವಿಮೆ ಕೊಳ್ಳುವ ಶಕ್ತಿಯಿರಲಿಲ್ಲ. ಅವರು ಹೊರಡುವ ಮೊದಲು ನೂರಾರು ಲಕೋಟೆಗಳ ಮೇಲೆ ರುಜು ಮಾಡಿಟ್ಟರು. ಮಹತ್ತ್ವದ ದಿನಗಳಂದು ಅವುಗಳ ಮೇಲೆ ಅಂಚೆಯ ಮುದ್ರೆ ಒತ್ತಿಸಿ ಕುಟುಂಬಗಳಿಗೆ ತಲುಪಿಸುವ ವ್ಯವಸ್ಥೆಯಾಗಿತ್ತು. ಯಾತ್ರಿಗಳು ಮರಳದಿದ್ದರೆ ಹೆಂಡತಿ ಮಕ್ಕಳು ಅವನ್ನು ಮಾರಿಯಾದರೂ ಬದುಕಲಿ ಎಂಬುದು ಉದ್ದೇಶ. ಅದೃಷ್ಟವಶಾತ್ ಆ ಪ್ರಸಂಗ ಬರಲಿಲ್ಲ. ಇನ್ನೊಂದು ಕತೆಗೆ ಬೇರೆ ನೀತಿಯಿದೆ. 1971ರಲ್ಲಿ ಅಪೋಲೋ 15ರ ಯಾತ್ರಿಗಳು ಸುಮಾರು 400 ಲಕೋಟೆಗಳನ್ನು ಅನುಮತಿಯಿಲ್ಲದೆ ಚಂದ್ರನವರೆಗೆ ಒಯ್ದು ತಂದರು. ಅವುಗಳಲ್ಲಿ ನೂರು ಜರ್ಮನಿಯ ವ್ಯಾಪಾರಿಯೊಬ್ಬನ ಕೈಸೇರಿದವು. ಸಂಗತಿ ಬಯಲಾಗಿ 1972ರಲ್ಲಿ ಮೂವರೂ ಛೀಮಾರಿಗೆ ಒಳಗಾದರು. ಅವರಲ್ಲಿ ಯಾರೂ ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ. ಲಕೋಟೆ ಒಂದೇ ಜಾತಿಯದು. ಅದನ್ನು ಒಯ್ದ ಮನಸ್ಸು ಬೇರೆ ಬೇರೆ.

ಕೆಲವು ವರ್ಷಗಳ ಹಿಂದೆ ಮಾಸ್ತರರ ಮನೆಗೆ ಒಬ್ಬ ಹಳೆಯ ವಿದ್ಯಾರ್ಥಿ ಬಂದನು. 1980ರ ದಶಕದಲ್ಲಿ ಅದೇ ಎಂಟನೆಯ ಇಯತ್ತೆಯಲ್ಲಿ ಕುಳಿತು, ಗೋಡೆಯ ಮೇಲಿನ ಚಿತ್ರದಲ್ಲಿದ್ದ ಕೂಡು ಚಿಹ್ನೆಗಳನ್ನು ಎಣಿಸುತ್ತ ಪಾಠ ಮರೆತು ಬೈಸಿಕೊಂಡವನು. ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ವಿದೇಶದ ಹರಾಜುಗಳಿಂದ ಇಂಥ ಚಿತ್ರಗಳನ್ನು ತರಿಸಿ ಸಂಗ್ರಹಿಸುವ ಹವ್ಯಾಸ ಅವನಿಗೂ ಅಂಟಿಕೊಂಡಿತ್ತು. ಗುರುಗಳ ಪಾದಗಳಿಗೆ ನಮಸ್ಕರಿಸಿ, ಚಹಾ ಕುಡಿದು, ಕಿಸೆಯಿಂದ ಬಿಳಿಯ ಹತ್ತಿಯ ಕೈಚೀಲಗಳನ್ನು ತೆಗೆದು ಹಾಕಿಕೊಂಡಾಗ ಮಾಸ್ತರರ ಮಡದಿಗೆ, ಇವನೇನು ಡಾಕ್ಟರನಾದನೇ ಎಂಬ ಅನುಮಾನ ಬಂದಿತಂತೆ.

ಅವನು ಕಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಆಮೇಲೆ ಮೆಲ್ಲನೆ ಕೇಳಿದನು:

“ಸರ್, ಇದರ ಬಿಳೀ ಅಂಚು ಎಲ್ಲಿ ಹೋತ್ರೀ?”

“ಕಟ್ಟಿನಾಗ ಹಿಡೀಲಿಲ್ಲಪಾ. ನಾನಽ ಕತ್ತರಿಸಿದೆ.”

ವಿದ್ಯಾರ್ಥಿ ಮಾತಾಡಲಿಲ್ಲ. ಕೆಂಪು ಸಂಖ್ಯೆ ಹೋಗಿತ್ತು. ಬೆನ್ನು ಮೈದಾದ ಅಂಟಿನಲ್ಲಿ ರಟ್ಟಿಗೆ ಒಂದಾಗಿಹೋಗಿತ್ತು. ಇಪ್ಪತ್ತೊಂಬತ್ತು ಬೇಸಗೆಗಳ ಬೆಳಕು ಬಣ್ಣವನ್ನು ಕೆಂಪಗೆ ತಿರುಗಿಸಿತ್ತು. ಮಾಸ್ತರರು ಅವನ ಮೌನವನ್ನು ಅರ್ಥಮಾಡಿಕೊಂಡು ತಾವೇ ಸಮಾಧಾನ ಹೇಳಿದರು. ಚಿತ್ರ ಇರುವುದು ನೋಡುವುದಕ್ಕೆ. ಟ್ರಂಕಿನಲ್ಲಿ ಹೊಸದಾಗಿ ಉಳಿಯುವುದಕ್ಕಿಂತ ಗೋಡೆಯ ಮೇಲೆ ಹಳೆಯದಾದದ್ದೇ ಲೇಸು. ಇಪ್ಪತ್ತೊಂಬತ್ತು ತಂಡಗಳ ಮಕ್ಕಳು ನೋಡಿದ್ದಾರೆ, ಬೆಲೆ ಎಷ್ಟೆಂದು ಯಾರಿಗೆ ಬೇಕು? ವಿದ್ಯಾರ್ಥಿ ತಲೆದೂಗಿದನು. ಅವನೂ ಆ ಮಕ್ಕಳಲ್ಲಿ ಒಬ್ಬನಷ್ಟೆ. ಆದರೆ ಹೊರಡುವಾಗ ಹೊಸ್ತಿಲ ಬಳಿ ನಿಂತು ಒಂದು ಮಾತು ಹೇಳಿದನು: “ಬೆಲೀ ಮಾತಲ್ರೀ, ಸರ್. ಇದು ಆ ಕಾಲದ್ದಽ ಅಂತ ನಿಮಗ ಗೊತ್ತದ, ನನಗ ಗೊತ್ತದ. ನಮ್ಮ ಹಿಂದ ಯಾರಿಗೆ ಗೊತ್ತಿರತದ್ರೀ?”

ಆ ರಾತ್ರಿ ಮಾಸ್ತರರಿಗೆ ನಿದ್ರೆ ಬರಲಿಲ್ಲ. ಬೆಲೆಯ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು. ಸಾಕ್ಷಿಯ ಪ್ರಶ್ನೆಗೆ ಇರಲಿಲ್ಲ.

ಕೆಲವೇ ದಿನಗಳ ಹಿಂದೆ ಅವರು ಒಂದು ಚೀಲದ ಕತೆಯನ್ನು ಓದಿದ್ದರು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೊದಲ ಮಣ್ಣನ್ನು ತುಂಬಿ ತಂದ ಬಿಳಿಯ ಬಟ್ಟೆಯ ಚೀಲವದು. ಯಾದಿಯಲ್ಲಿ ಸಂಖ್ಯೆ ತಪ್ಪಾಗಿ ನಮೂದಾದ ಕಾರಣ ಅದರ ಗುರುತೇ ಹಾರಿಹೋಯಿತು. 2015ರ ಒಂದು ಸರ್ಕಾರಿ ಹರಾಜಿನಲ್ಲಿ ಅದು ಕೇವಲ 995 ಡಾಲರಿಗೆ ಮಾರಿಹೋಯಿತು. ಕೊಂಡ ಮಹಿಳೆ ಪರೀಕ್ಷೆಗೆಂದು ನಾಸಾಕ್ಕೆ ಕಳಿಸಿದಾಗ ಅದರಲ್ಲಿ ಚಂದ್ರನ ಧೂಳು ಇರುವುದು ತಿಳಿಯಿತು. ನಾಸಾ ಚೀಲವನ್ನು ಮರಳಿಸಲು ಒಪ್ಪದೆ, ವಿಷಯ ನ್ಯಾಯಾಲಯದವರೆಗೆ ಹೋಗಿ, ತೀರ್ಪು ಆಕೆಯ ಪರವಾಯಿತು. 2017ರ ಜುಲೈ 20ರಂದು ನ್ಯೂಯಾರ್ಕಿನಲ್ಲಿ ಅದೇ ಚೀಲಕ್ಕೆ 18 ಲಕ್ಷ ಡಾಲರು ಬಂದಿತು. ಚೀಲ ಎರಡು ಸಲವೂ ಅದೇ ಚೀಲ. ಬಟ್ಟೆ ಬದಲಾಗಲಿಲ್ಲ, ಧೂಳು ಬದಲಾಗಲಿಲ್ಲ. ನಡುವೆ ಬದಲಾದದ್ದು ಅದು ಯಾವುದೆಂಬ ತಿಳಿವಳಿಕೆ ಮಾತ್ರ.

ಅದಕ್ಕಿಂತಲೂ ನೋವಿನ ಸಂಗತಿ ಇನ್ನೊಂದಿದೆ. ಚಂದ್ರನಿಂದ ನೇರವಾಗಿ ಬಂದ ದೂರದರ್ಶನದ ದೃಶ್ಯ, ಜನರು ಮನೆಗಳಲ್ಲಿ ಕಂಡದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿತ್ತು. ಆ ಮೂಲಸಂಕೇತಗಳನ್ನು ಧರಿಸಿದ ಟೇಪುಗಳನ್ನು ಹುಡುಕಹೊರಟಾಗ ಅವು ಸಿಗಲಿಲ್ಲ. ಟೇಪುಗಳ ಕೊರತೆಯಿದ್ದ ಕಾಲದಲ್ಲಿ ಅವನ್ನು ಅಳಿಸಿ ಮರಳಿ ಬಳಸಿರುವುದೇ ಸಂಭವವೆಂದು 2009ರಲ್ಲಿ ನಾಸಾ ಪ್ರಕಟಿಸಿತು. ಯಾರೂ ಕೇಡೆಣಿಸಿ ಮಾಡಿದ್ದಲ್ಲ; ಮಿತವ್ಯಯಕ್ಕಾಗಿ ಮಾಡಿದ್ದು. ಹಳೆಯ ಕಟ್ಟಿಗೆ ಹೊಂದಿಸಲೆಂದು ಅಂಚು ಕತ್ತರಿಸಿದ ತಮ್ಮ ಕೈಗೂ ಆ ಕೈಗಳಿಗೂ ಏನು ವ್ಯತ್ಯಾಸವೆಂದು ಮಾಸ್ತರರು ತಮ್ಮನ್ನೇ ಕೇಳಿಕೊಂಡರು. ಆರ್ಮ್‌ಸ್ಟ್ರಾಂಗ್ ತೆಗೆದ ಮೂಲ ಚಿತ್ರದಲ್ಲಿ ಆಲ್ಡ್ರಿನ್ನರ ತಲೆಯ ಮೇಲೆ ಸಾಕಷ್ಟು ಆಕಾಶವಿಲ್ಲವೆಂದು ಪ್ರಕಟಣೆಯ ವೇಳೆಗೆ ಅಲ್ಲಿ ಕಪ್ಪು ಆಕಾಶವನ್ನು ಸೇರಿಸಲಾಗಿತ್ತು. ಅವರು ಸೇರಿಸಿದರು, ಇವರು ಕತ್ತರಿಸಿದರು. ಎರಡೂ ಚಿತ್ರ ಚೆನ್ನಾಗಿ ಕಾಣಲೆಂಬ ಪ್ರೀತಿಯಿಂದಲೇ. ಪ್ರೀತಿಯೊಂದೇ ಇದ್ದರೆ ಸಾಲದು, ಅದರ ಜೊತೆಗೆ ಎಚ್ಚರವೂ ಬೇಕೆಂಬುದು ಅವರಿಗೆ ಆಗ ಮನವರಿಕೆಯಾಯಿತು.

ಎಚ್ಚರದ ಉದಾಹರಣೆಯೂ ಅದೇ ಚರಿತ್ರೆಯಲ್ಲಿದೆ. 1966 ಮತ್ತು 1967ರಲ್ಲಿ ಲೂನಾರ್ ಆರ್ಬಿಟರ್ ಎಂಬ ಐದು ಮಾನವರಹಿತ ನೌಕೆಗಳು ಚಂದ್ರನನ್ನು ಸುತ್ತಿ, ಫಿಲ್ಮಿನ ಮೇಲೆ ಚಿತ್ರ ತೆಗೆದು, ಅದನ್ನು ನೌಕೆಯೊಳಗೇ ಸಂಸ್ಕರಿಸಿ, ರೇಡಿಯೋ ಮೂಲಕ ಭೂಮಿಗೆ ಕಳಿಸಿದವು. ಮೊದಲ ನೌಕೆ 1966ರ ಆಗಸ್ಟ್ 23ರಂದು ಚಂದ್ರನ ಬಳಿಯಿಂದ ಭೂಮಿಯ ಮೊದಲ ಚಿತ್ರ ತೆಗೆಯಿತು. ಈ ಚಿತ್ರಗಳನ್ನು ಧರಿಸಿದ ಸುಮಾರು 1,500 ಟೇಪುಗಳನ್ನು 1980ರ ದಶಕದಲ್ಲಿ ಎಸೆದುಬಿಡುವ ಪ್ರಸಂಗ ಬಂದಾಗ ನ್ಯಾನ್ಸಿ ಇವಾನ್ಸ್ ಎಂಬ ಮಹಿಳೆ ಒಪ್ಪಲಿಲ್ಲ. ಅವನ್ನು ಓದಬಲ್ಲ, ಬೀರುವಿನಷ್ಟು ದೊಡ್ಡ ಯಂತ್ರಗಳು ಆಗಲೇ ಬಳಕೆಯಿಂದ ಮರೆಯಾಗಿದ್ದವು. ಅಂಥ ಯಂತ್ರಗಳನ್ನು ಹುಡುಕಿ ತಂದು ತಮ್ಮ ಮನೆಯ ಶೆಡ್ಡಿನಲ್ಲಿ ಇರಿಸಿಕೊಂಡು, ಹಣಕ್ಕಾಗಿ ಬಾಗಿಲು ಬಾಗಿಲು ತಟ್ಟುತ್ತ ಅವರು ವರ್ಷಗಟ್ಟಲೆ ಕಾದರು. ಕೊನೆಗೆ ಕೆಲವು ಉತ್ಸಾಹಿಗಳು ಕೂಡಿ, ಕ್ಯಾಲಿಫೋರ್ನಿಯಾದಲ್ಲಿ ಮುಚ್ಚಿಹೋಗಿದ್ದ ಒಂದು ತಿಂಡಿಯಂಗಡಿಯ ಕಟ್ಟಡದಲ್ಲಿ ಆ ಯಂತ್ರಗಳಿಗೆ ಜೀವ ಕೊಟ್ಟರು. 2008ರಲ್ಲಿ ಹೊರಬಂದ ಆ ಹಳೆಯ ಭೂಮಿಯ ಚಿತ್ರ ಮೊದಲು ಪ್ರಕಟವಾದುದಕ್ಕಿಂತ ಎಷ್ಟೋ ಪಾಲು ನಿಚ್ಚಳವಾಗಿತ್ತು. ಒಬ್ಬರು ‘ಎಸೆಯಬೇಡಿ’ ಎಂದು ಹೇಳಿದ ಫಲವದು.

ಮಾಸ್ತರರು ಮರುದಿನವೇ ದಪ್ಪ ರಟ್ಟಿನ ಒಂದು ರಿಜಿಸ್ಟರನ್ನು ತರಿಸಿದರು. ಟ್ರಂಕಿನಲ್ಲಿದ್ದ ಒಂದೊಂದು ವಸ್ತುವನ್ನೂ ಹೊರತೆಗೆದು, ಕ್ರಮಸಂಖ್ಯೆ ಕೊಟ್ಟು, ಅದು ಏನು, ಯಾವಾಗ, ಯಾರಿಂದ, ಹೇಗೆ ಬಂದಿತು ಎಂಬುದನ್ನು ಬರೆಯಲಾರಂಭಿಸಿದರು. ಚಿತ್ರದ ಮೈಮೇಲೆ ಏನನ್ನೂ ಬರೆಯಲಿಲ್ಲ. ಸಣ್ಣ ಚೀಟಿಯ ಮೇಲೆ ಪೆನ್ಸಿಲಿನಿಂದ ಸಂಖ್ಯೆ ಬರೆದು ಜೊತೆಗೆ ಇರಿಸಿದರು. ತಿಳಿದದ್ದನ್ನು ತಿಳಿದಂತೆ, ನೆನಪಿನಿಂದ ಬರೆದದ್ದನ್ನು ‘ನೆನಪಿನಿಂದ’ ಎಂದೇ ಬರೆದರು. ಉದಯಿಸುವ ಭೂಮಿಯ ಚಿತ್ರವನ್ನೂ ಬೂಟಿನ ಹೆಜ್ಜೆಯ ಚಿತ್ರವನ್ನೂ ಮಗುಚಿದಾಗ ಕೆಂಪು ಸಂಖ್ಯೆ, ನೇರಳೆ ಅಕ್ಷರ, ಕೊಡಕ್ ಕಾಗದದ ಗುರುತು ಎಲ್ಲವೂ ಸುರಕ್ಷಿತವಾಗಿದ್ದವು. ಲಕೋಟೆಯಲ್ಲಿ ಅಡಗಿದ್ದುದರಿಂದ ಬಣ್ಣವೂ ಅಷ್ಟಾಗಿ ಕೆಟ್ಟಿರಲಿಲ್ಲ. ಮೂರನೆಯದರ ಸರದಿ ಬಂದಾಗ ಮಾತ್ರ ಲೇಖನಿ ನಿಂತಿತು. ಆ ದೃಶ್ಯದ ಸಂಖ್ಯೆ ಇಂದು ಪ್ರಪಂಚಕ್ಕೆಲ್ಲ ತಿಳಿದದ್ದೇ. ಆದರೆ ಈ ಒಂದು ಕಾಗದ ಅಂದು ಹ್ಯೂಸ್ಟನ್ನಿನಿಂದಲೇ ಬಂದದ್ದೆಂಬುದಕ್ಕೆ ಆಧಾರವೇನು?

ಆಧಾರ ಅಡಿಗೆಮನೆಯ ಪಕ್ಕದ ಬೀರುವಿನಿಂದ ಬಂದಿತು. ಚಿತ್ರಗಳನ್ನು ಟ್ರಂಕಿಗೆ ಸೇರಿಸುವಾಗ ಖಾಲಿಯಾದ ಕಂದು ಲಕೋಟೆಯನ್ನು ಮಾಸ್ತರರ ಮಡದಿ ಎತ್ತಿಟ್ಟುಕೊಂಡಿದ್ದರು. ಅದರಲ್ಲಿ ಮೊದಲು ವಿಮೆಯ ರಸೀದಿಗಳು, ಆಮೇಲೆ ಮನೆಪಟ್ಟಿಯ ರಸೀದಿಗಳು ಇದ್ದವು. “ಗಟ್ಟಿ ಲಕೋಟಿ, ಒಗೀಲಿಕ್ಕೆ ಮನಸ್ಸಾಗಲಿಲ್ಲ” ಎಂದು ಅವರು ಹೇಳಿದರು. ಹ್ಯೂಸ್ಟನ್ನಿನ ಮುದ್ರೆ, 1970ರ ತಾರೀಖು, ಶಾಲೆಯ ವಿಳಾಸ ಮೂರೂ ಅದರ ಮೇಲೆ ಸ್ಪಷ್ಟವಾಗಿದ್ದವು. ಜಗತ್ತಿನ ದೊಡ್ಡ ಸಂಸ್ಥೆಗಳು ಕಳೆದುಕೊಂಡಂಥ ಸಾಕ್ಷಿಯನ್ನು ಒಬ್ಬ ಗೃಹಿಣಿಯ ಗೃಹಕೃತ್ಯದ ಜಾಣತನ ಉಳಿಸಿತ್ತು. ರಿಜಿಸ್ಟರಿನಲ್ಲಿ ಲಕೋಟೆಗೂ ಒಂದು ಕ್ರಮಸಂಖ್ಯೆ ದೊರೆಯಿತು. ‘ಕಾಪಾಡಿದವರು’ ಎಂಬ ಸಾಲಿನಲ್ಲಿ ಮಾಸ್ತರರು ಮಡದಿಯ ಹೆಸರು ಬರೆದರು.

ದೂರದ ದೇಶದ ಕಾಗದಗಳಿಗೆ ಇಷ್ಟು ಮಾಡಿದ ಮೇಲೆ, ಹತ್ತಿರದವುಗಳ ಕಡೆ ಕಣ್ಣು ಹೋದದ್ದು ಸಹಜ. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. ಆ ಕಾರ್ಯದ ನೇತೃತ್ವ ವಹಿಸಿದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು. ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. 1981ರಲ್ಲಿ ‘ಆಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇರಿಸಿ ಪರೀಕ್ಷಿಸಿದ ಚಿತ್ರವನ್ನು ನೋಡಿ ಹಲವರು ಬಡತನದ ಗುರುತೆಂದು ನಕ್ಕರು. ಆಂಟೆನಾದ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಾಗಿತ್ತು, ಕಟ್ಟಿಗೆಯ ಗಾಡಿ ಅದಕ್ಕೆ ತಕ್ಕದ್ದಾಗಿತ್ತು ಎಂಬ ವಿವರ ಚಿತ್ರದ ಬೆನ್ನಿಗೆ ಅಂಟಿಕೊಂಡಿದ್ದರೆ ಆ ನಗುವಿಗೆ ಎಡೆಯಿರುತ್ತಿರಲಿಲ್ಲ. ಆರ್ಯಭಟನ ಚಿತ್ರವಿದ್ದ ಎರಡು ರೂಪಾಯಿಯ ನೋಟು ಒಂದು ಕಾಲದಲ್ಲಿ ಎಲ್ಲರ ಕಿಸೆಯಲ್ಲಿಯೂ ಇತ್ತು, ಇಂದು ಹುಡುಕಬೇಕು. ಮಾಸ್ತರರು ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದು, ಇಂಥ ವಸ್ತುಗಳು ಮನೆಯಲ್ಲಿದ್ದರೆ ಎಸೆಯಬಾರದೆಂದೂ, ಅದಕ್ಕಿಂತ ಮೊದಲು ಅವುಗಳ ಕತೆಯನ್ನು ಬರೆದಿಡಬೇಕೆಂದೂ ಕೇಳಿಕೊಂಡರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ 3 ಚಂದ್ರನ ಮೇಲೆ ಇಳಿಯಿತು. ಲೂನಾರ್ ಆರ್ಬಿಟರ್ ಭೂಮಿಯ ಚಿತ್ರ ತೆಗೆದ ದಿನಕ್ಕೆ ಅಂದಿಗೆ ಸರಿಯಾಗಿ 57 ವರ್ಷ. ಮರುದಿನದ ಪತ್ರಿಕೆಯನ್ನು ಅವರು ಮಡಿಸಿ, ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದವಳು ಮೊಮ್ಮಗಳೆಂಬುದನ್ನೂ ಚೀಟಿಯಲ್ಲಿ ಬರೆದು ಇಟ್ಟರು.

ಬೆಂಗಳೂರಿನ ವಿದ್ಯಾರ್ಥಿ ಕೆಡದೆ ಉಳಿದ ಎರಡು ಚಿತ್ರಗಳಿಗೆ ಒಳ್ಳೆಯ ಬೆಲೆ ಕೊಡಲು ಮುಂದೆ ಬಂದಿದ್ದನು. ಮಾಸ್ತರರ ನಿವೃತ್ತಿವೇತನಕ್ಕೆ ಹೋಲಿಸಿದರೆ ಅದು ಸಣ್ಣ ಮೊತ್ತವಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆಯ ಖರ್ಚೂ ಎದುರಿಗಿತ್ತು. ಅವರು ಒಂದು ತಿಂಗಳು ಯೋಚಿಸಿದರು. ಕೊನೆಗೆ ಲಕೋಟೆಯ ಮೇಲಿನ ವಿಳಾಸವೇ ತೀರ್ಮಾನ ಹೇಳಿತು. ಅಲ್ಲಿದ್ದುದು ಅವರ ಮನೆಯ ವಿಳಾಸವಲ್ಲ, ಶಾಲೆಯ ವಿಳಾಸ. ಸಂಗ್ರಹವೆಲ್ಲವನ್ನೂ ಶಾಲೆಗೆ ಒಪ್ಪಿಸುವುದಾಗಿ ಅವರು ಮುಖ್ಯೋಪಾಧ್ಯಾಯರಿಗೆ ತಿಳಿಸಿದರು. ಆದರೆ ಬರಿಗೈಯಿಂದ ಒಪ್ಪಿಸಲಿಲ್ಲ, ಷರತ್ತು ಹಾಕಿ ಒಪ್ಪಿಸಿದರು. ಮೂಲ ಚಿತ್ರಗಳನ್ನು ಬಿಸಿಲು ಬೀಳದ, ಒಣಗಿದ ಬೀರುವಿನಲ್ಲಿ ಇಡಬೇಕು. ಗೋಡೆಗೆ ಪ್ರತಿಗಳನ್ನು ಹಾಕಬೇಕು. ವರ್ಷಕ್ಕೊಮ್ಮೆ ರಿಜಿಸ್ಟರಿನೊಡನೆ ತಾಳೆ ನೋಡಿ ರುಜು ಹಾಕಬೇಕು. ವರ್ಷಕ್ಕೊಮ್ಮೆ ಮಕ್ಕಳ ಕೈಗೆ ಕೊಡಲೇಬೇಕು. ದಾನ ಕೊಡುವವನ ಕೆಲಸ ಒಂದು ದಿನದ್ದು, ಕಾಯುವವನ ಕೆಲಸ ದಿನದಿನದ್ದು ಎಂಬುದು ಅವರ ಮಾತು. ಬೆಲೆ ಕೊಡಲು ಬಂದಿದ್ದ ವಿದ್ಯಾರ್ಥಿ ಬೀರುವನ್ನು ಮಾಡಿಸಿಕೊಟ್ಟನು. ಕಣ್ಣಿನ ಚಿಕಿತ್ಸೆಯ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಗುರುಗಳನ್ನು ಒಂಟಿಯಾಗಿ ಬಿಡಲಿಲ್ಲ.

ರಿಜಿಸ್ಟರಿನ ಮೂರನೆಯ ಕ್ರಮಸಂಖ್ಯೆಯ ಎದುರಿಗೆ ಇಂದಿಗೂ ಮಾಸ್ತರರ ದುಂಡನೆಯ ಅಕ್ಷರಗಳಲ್ಲಿ ಈ ನಮೂದು ಇದೆ: ‘ಬಣ್ಣದ ಛಾಯಾಚಿತ್ರ ಒಂದು. 1970ರಲ್ಲಿ ಹ್ಯೂಸ್ಟನ್ನಿನಿಂದ ಬಂದದ್ದು, ಲಕೋಟೆ ಇದೆ. 1973ರಿಂದ 2002ರವರೆಗೆ ಎಂಟನೆಯ ಇಯತ್ತೆಯ ಗೋಡೆಯ ಮೇಲೆ ಇತ್ತು. ಬಣ್ಣ ಮಾಸಿದೆ. ಬಿಳಿಯ ಅಂಚನ್ನು ಸಂಗ್ರಾಹಕನೇ ತಿಳಿಯದೆ ಕತ್ತರಿಸಿರುತ್ತಾನೆ.’